ರಕ್ತದ ಆಕರಕೋಶಗಳೂ ಮುಪ್ಪೂ

ಚಿತ್ರದುರ್ಗದ ಕೋಟೆಯ ಗ್ರಾನೈಟ್ ಬಂಡೆಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ಅವುಗಳಲ್ಲಿರುವ ಪೊಟ್ಯಾಸಿಯಂ-೪೦ ಮೊದಲಾದ ವಿಕಿರಣಶೀಲ ಧಾತುಗಳಿಂದ ಗಾಮಾ ಕಿರಣಗಳು ಎಡೆಬಿಡದೆ ಹೊರಡುತ್ತಿರುತ್ತವೆ. ಇದನ್ನು ತರಗತಿಯಲ್ಲಿ ಹೇಳಿದೊಡನೆ, “ಹಾಗಾದರೆ ಈ ಊರಿನವರ ರಕ್ತ ಕೆಡುವುದಿಲ್ಲವೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ನೆಲ, ಗಾಳಿ, ಆಹಾರ, ಆಕಾಶ ಇವೆಲ್ಲವುಗಳಿಂದ ಮನುಷ್ಯನಿಗೆ ತಗಲುವ ಸ್ವಾಭಾವಿಕ ವಿಕಿರಣದ ಜಾಗತಿಕ ಸರಾಸರಿಯು ವರ್ಷಕ್ಕೆ ೨.೪ ಮಿಲಿಸೀವರ್ಟ್ ಅಷ್ಟೆ. ಅದಕ್ಕಿಂತ ದೊಡ್ಡ ಕಾರಣವನ್ನು ನಮ್ಮ ಎಲುಬಿನೊಳಗೇ ಹುಡುಕಬೇಕು.

ಎಲುಬಿನ ಮಜ್ಜೆಯಲ್ಲಿರುವ ಆಕರಕೋಶಗಳೇ ರಕ್ತದ ತವರು. ಕೆಂಪು ಕಣವೊಂದರ ಆಯುಸ್ಸು ಸುಮಾರು ೧೨೦ ದಿನ. ಆದಕಾರಣ ಹೊಸ ಕಣಗಳನ್ನು ಒದಗಿಸುವ ಈ ಕೆಲಸಕ್ಕೆ ಬಿಡುವೆಂಬುದಿಲ್ಲ. ಆಕರಕೋಶದ ಡಿ.ಎನ್.ಎ.ಯಲ್ಲಿ ಅಚ್ಚಿನ ತಪ್ಪುಗಳಂತೆ ನುಸುಳುವ ಬದಲಾವಣೆಗಳಿಗೆ ಉತ್ಪರಿವರ್ತನೆಗಳೆಂದು ಹೆಸರು. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯೊಂದರಂತೆ, ಪ್ರತಿಯೊಂದು ಕೋಶದಲ್ಲಿಯೂ ವರ್ಷಕ್ಕೆ ಸುಮಾರು ೧೭ ಉತ್ಪರಿವರ್ತನೆಗಳು ಕೂಡುತ್ತ ಹೋಗುತ್ತವೆ. ಬಂಡೆಯ ನೆರೆಯಲ್ಲಿರಲಿ, ಸಮುದ್ರದ ದಡದಲ್ಲಿರಲಿ, ಈ ಗಡಿಯಾರ ನಿಲ್ಲದು. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಎಲ್ಲೋ ಒಂದು ಮಾತ್ರ ತನ್ನ ಕೋಶವು ನೆರೆಯವಕ್ಕಿಂತ ತುಸು ಬೇಗ ವೃದ್ಧಿಯಾಗುವಂತೆ ಮಾಡುತ್ತದೆ. ದಶಕಗಳು ಉರುಳಿದಂತೆ ಆ ಒಂದರ ಸಂತತಿಯೇ ಮಜ್ಜೆಯಲ್ಲಿ ಹಬ್ಬುತ್ತದೆ. ಎಪ್ಪತ್ತೈದು ದಾಟಿದವರಲ್ಲಿ ಇಂತಹ ೧೨ರಿಂದ ೧೮ ಸಂತತಿಗಳೇ ರಕ್ತದ ಶೇಕಡಾ ೩೦ರಿಂದ ೬೦ರಷ್ಟು ಭಾಗವನ್ನು ಉತ್ಪಾದಿಸುತ್ತಿದ್ದುದು ಅದೇ ಸಂಶೋಧನೆಯಲ್ಲಿ ಕಂಡುಬಂದಿತು.

ಪರಿಸರಕ್ಕೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. ಹಿರಿಯೂರಿನ ಒಣಹೊಲದಲ್ಲಿ ಬೆರಕೆ ಬೀಜದ ಶೇಂಗಾ ಬಿತ್ತಿದರೆಂದು ಭಾವಿಸಿ. ಮಳೆ ಕೈಕೊಟ್ಟಾಗ ಬರ ತಾಳುವ ಕೆಲವು ಗಿಡಗಳು ಮಾತ್ರ ಉಳಿದು, ಮರುವರ್ಷದ ಬೀಜವೆಲ್ಲ ಅವುಗಳದೇ ಆಗುತ್ತದೆ. ಬರವು ಆ ಗುಣವನ್ನು ಹುಟ್ಟಿಸಲಿಲ್ಲ, ಇದ್ದುದನ್ನು ಆರಿಸಿತು. ಅದೇ ಬೀಜವನ್ನು ಹೊಳಲ್ಕೆರೆಯ ಕಡೆಯ ನೀರಾವರಿ ಜಮೀನಿನಲ್ಲಿ ಬಿತ್ತಿದ್ದರೆ ಎರಡು ಬಗೆಯ ಗಿಡಗಳೂ ಸರಿಸಮನಾಗಿ ಬೆಳೆಯುತ್ತಿದ್ದವು. ಮಜ್ಜೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ನಡೆದಾಗ, ಪೆಟ್ಟು ತಿಂದ ಕೋಶವನ್ನು ಸಾಯಿಸಬೇಕಾದ ಟಿಪಿ-೫೩ ಎಂಬ ಜೀನು ಮೊದಲೇ ಕೆಟ್ಟಿರುವ ಕೋಶಗಳು ಉಳಿದುಕೊಂಡು ಮುಂದೆ ಬರುತ್ತವೆ. ಹೊಗೆಸೊಪ್ಪು ಸೇದುವವರಲ್ಲಿ ಎಎಸ್‌ಎಕ್ಸ್‌ಎಲ್-೧ ಎಂಬ ಜೀನು ಕೆಟ್ಟ ಸಂತತಿಗಳು ಹೆಚ್ಚು. (ಬಂಡೆಗೆ ಅಂಜಿ ಬೀಡಿಗೆ ಅಂಜದವರನ್ನು ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಎಷ್ಟು ಬೇಕಾದರೂ ಕಾಣಬಹುದು!)

ಇಂತಹ ಸಂತತಿ ಉಳ್ಳವರಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾಗುವವರು ವರ್ಷಕ್ಕೆ ನೂರರಲ್ಲಿ ಒಬ್ಬರನ್ನು ಮೀರುವುದಿಲ್ಲ. ಹೃದಯದ ಮಾತೇ ಬೇರೆ. ಇವರಿಗೆ ಹೃದಯದ ರಕ್ತನಾಳಗಳ ರೋಗ ತಗಲುವ ಸಂಭವವು ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂಬುದು ೨೦೧೭ರಲ್ಲಿ ತಿಳಿದುಬಂದಿತು. ಕೆಟ್ಟ ಜೀನುಳ್ಳ ಬಿಳಿಯ ಕಣಗಳು ನಾಳದ ಗೋಡೆಯನ್ನು ಹೊಕ್ಕು ಉರಿಯೂತವನ್ನು ಹೆಚ್ಚಿಸುವುದನ್ನು ಇಲಿಗಳಲ್ಲಿ ಪ್ರತ್ಯಕ್ಷವಾಗಿ ನೋಡಲಾಗಿದೆ.