ಅಂಗೈಯಗಲದ ಪ್ರಯೋಗಶಾಲೆ

ಡಿಪ್ಲೊಮಾ ತರಗತಿಯಲ್ಲಾಗಲಿ ಪದವಿ ತರಗತಿಯಲ್ಲಾಗಲಿ ಎಲೆಕ್ಟ್ರಾನಿಕ್ಸ್ ವ್ಯಾಸಂಗಮಾಡುತ್ತಿರುವ ಮಕ್ಕಳುಳ್ಳ ಗೃಹಸ್ಥರು ಒಮ್ಮೆ ಅವರ ರೆಕಾರ್ಡ್ ಪುಸ್ತಕವನ್ನು ತೆರೆದು ನೋಡಬೇಕು. ಗ್ರಾಫ್ ಹಾಳೆಯ ಮೇಲೆ ಅಂದವಾದ ಅಲೆಗಳನ್ನು ಬರೆದಿರುವುದು ಅಲ್ಲಿ ಕಂಡುಬರುವುದು. “ಈ ಅಲೆಯನ್ನು ನೀನು ಕಣ್ಣಾರೆ ಕಂಡೆಯೇನಪ್ಪಾ?” ಎಂದು ಕೇಳಿದರೆ ಎಷ್ಟೋ ಹುಡುಗರು ಉತ್ತರ ಕೊಡಲಾರರು. ಒಂದು ಉಪಕರಣದ ಸುತ್ತ ನಾಲ್ಕೈದು ಮಂದಿ ನಿಲ್ಲುವರು. ಚುರುಕಾದ ಒಬ್ಬನು ಗುಂಡಿಗಳನ್ನು ತಿರುಗಿಸುವನು. ಮಿಕ್ಕವರು ಅವನ ಪುಸ್ತಕವನ್ನು ನೋಡಿ ಬರೆದುಕೊಳ್ಳುವರು. ವಿದ್ಯುತ್ತೆಂಬುದು ಕಣ್ಣಿಗೆ ಕಾಣದ ವಸ್ತು. ಅದನ್ನು ಕಾಣಿಸತಕ್ಕ ಸಾಧನವನ್ನು ಮುಟ್ಟದೆಯೇ ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಯು, ವೀಣೆಯನ್ನು ಮುಟ್ಟದೆ ವೀಣಾವಿದ್ವಾಂಸನೆನಿಸಿಕೊಂಡವನಿಗೆ ಸಮಾನನೆಂದು ನಮ್ಮ ಅಭಿಪ್ರಾಯ.

ಆ ಸಾಧನದ ಹೆಸರು ಆಸಿಲೋಸ್ಕೋಪ್. ಜರ್ಮನಿಯ ಕಾರ್ಲ್ ಫರ್ಡಿನೆಂಡ್ ಬ್ರೌನ್ ಎಂಬ ವಿಜ್ಞಾನಿಯು ೧೮೯೭ರಲ್ಲಿ ಕ್ಯಾಥೋಡ್ ಕಿರಣದ ಗಾಜಿನ ನಳಿಗೆಯನ್ನು ನಿರ್ಮಿಸಿ, ವಿದ್ಯುತ್ತಿನ ಏರಿಳಿತಗಳು ತೆರೆಯ ಮೇಲೆ ಬೆಳಕಿನ ಗೆರೆಯಾಗಿ ಮೂಡುವಂತೆ ಮಾಡಿದನು. ಮುಂದೆ ಅರ್ಧ ಶತಮಾನ ಕಳೆದ ಮೇಲೆ, ೧೯೪೭ರಲ್ಲಿ, ಅಮೆರಿಕದ ಟೆಕ್ಟ್ರಾನಿಕ್ಸ್ ಸಂಸ್ಥೆಯು ಹೊರತಂದ ಆಸಿಲೋಸ್ಕೋಪಿಗೆ ೭೯೫ ಡಾಲರ್ ಬೆಲೆಯಿದ್ದಿತು. ಇಂತಹ ಯಂತ್ರವು ವಿದ್ಯಾರ್ಥಿಯ ಮನೆಯನ್ನು ಪ್ರವೇಶಿಸುವುದು ಬಹುಕಾಲ ಕನಸಿನ ಮಾತಾಗಿಯೇ ಉಳಿಯಿತು.

ಈ ಸ್ಥಿತಿಯನ್ನು ಬದಲಾಯಿಸಿದುದು ಯು.ಎಸ್.ಬಿ. ಎಂಬ ಸಣ್ಣ ಕಿಂಡಿ. ೧೯೯೬ರಲ್ಲಿ ಇದರ ನಿಯಮಾವಳಿಯು ಮೊದಲು ಪ್ರಕಟವಾಯಿತು. ಒಂದೇ ತಂತಿಯಲ್ಲಿ ಸುದ್ದಿಯೂ ಸಾಗುವುದು, ಉಪಕರಣಕ್ಕೆ ಬೇಕಾದ ೫ ವೋಲ್ಟ್ ವಿದ್ಯುತ್ತೂ ಹರಿಯುವುದು. ಹಳೆಯ ಆಸಿಲೋಸ್ಕೋಪಿನಲ್ಲಿ ಬೆಲೆಯ ಬಹುಭಾಗವು ತೆರೆ, ಪೆಟ್ಟಿಗೆ, ವಿದ್ಯುತ್ ಪೂರೈಕೆ, ಗುಂಡಿಗಳು ಇವುಗಳಿಗೇ ಹೋಗುತ್ತಿದ್ದಿತು. ಇವೆಲ್ಲವೂ ಮನೆಯ ಕಂಪ್ಯೂಟರಿನಲ್ಲಿ ಆಗಲೇ ಇವೆಯಷ್ಟೆ! ಉಳಿದ ಕೆಲಸವೊಂದೇ: ವಿದ್ಯುತ್ತಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳನ್ನಾಗಿ ಮಾರ್ಪಡಿಸಿ ಕಳುಹಿಸುವುದು. ಅದಕ್ಕೆ ಅಂಗೈಯಗಲದ ಒಂದು ಪೆಟ್ಟಿಗೆ ಸಾಕು.

ಇಂತಹ ಪೆಟ್ಟಿಗೆಗಳು ಹಲವಿವೆ. ಅಮೆರಿಕದ ಡಿಜಿಲೆಂಟ್ ಸಂಸ್ಥೆಯ ‘ಅನಲಾಗ್ ಡಿಸ್ಕವರಿ’ಯು ಸೆಕೆಂಡಿಗೆ ೧೦ ಕೋಟಿ ಸಲ ಅಳೆಯಬಲ್ಲದು, ಬೆಲೆಯೂ ಅದಕ್ಕೆ ತಕ್ಕಂತೆಯೇ ಇರುವುದು. ಆದರೆ ನಮ್ಮ ವಾಚಕರಿಗೆ ವಿಶೇಷವಾಗಿ ಪರಿಚಯ ಮಾಡಿಸಬೇಕೆಂದಿರುವುದು ನಮ್ಮ ದೇಶದಲ್ಲಿಯೇ ಹುಟ್ಟಿದ ‘ಎಕ್ಸ್‌ಪೈಸ್’ ಎಂಬುದನ್ನು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ೧೫ ದಶಲಕ್ಷ ವೋಲ್ಟ್ ಸಾಮರ್ಥ್ಯದ ಪೆಲೆಟ್ರಾನ್ ಎಂಬ ಬೃಹದ್ಯಂತ್ರವಿದೆ. ಅಲ್ಲಿನ ವಿಜ್ಞಾನಿ ಅಜಿತ್ ಕುಮಾರ್ ಅವರೂ ಅವರ ಸಂಗಡಿಗರೂ ಕಾಲೇಜುಗಳಿಗೆ ಸುಲಭ ಬೆಲೆಯ ಪ್ರಯೋಗಗಳನ್ನು ಒದಗಿಸಬೇಕೆಂದು ‘ಫೀನಿಕ್ಸ್’ ಎಂಬ ಯೋಜನೆಯನ್ನು ಕೈಗೊಂಡರು; ಅದರ ಫಲವೇ ಈ ಪೆಟ್ಟಿಗೆ. ಕೋಟಿ ವೋಲ್ಟುಗಳ ಅಂಗಳದಲ್ಲಿ ೫ ವೋಲ್ಟಿನ ಈ ಕೂಸು ಹುಟ್ಟಿದುದು ನಮಗಂತೂ ಬಹು ಸೊಗಸಾಗಿ ತೋರುತ್ತದೆ. ಇದರ ನಕ್ಷೆಗಳನ್ನೂ ಕಂಪ್ಯೂಟರ್ ಕ್ರಮವಿಧಿಗಳನ್ನೂ ಯಾರು ಬೇಕಾದರೂ ಪಡೆದು ನೋಡಬಹುದು, ತಿದ್ದಬಹುದು, ತಯಾರಿಸಿ ಮಾರಲೂಬಹುದು.

ಎಕ್ಸ್‌ಪೈಸ್-೧೭ ಎಂಬ ಮಾದರಿಯಲ್ಲಿ ಮುಖ್ಯವಾದ ಎರಡು ದ್ವಾರಗಳು ೧೬ ವೋಲ್ಟಿನವರೆಗೆ, ಧನವಾಗಲಿ ಋಣವಾಗಲಿ, ಅಳೆಯುತ್ತವೆ. ಈ ವ್ಯಾಪ್ತಿಯನ್ನು ೪೦೯೬ ಮೆಟ್ಟಿಲುಗಳಾಗಿ ವಿಭಾಗಿಸಿರುವುದರಿಂದ ಒಂದೊಂದು ಮೆಟ್ಟಿಲೂ ಸುಮಾರು ೮ ಮಿಲಿವೋಲ್ಟಿನಷ್ಟಾಗುವುದು. ಅಳೆಯುವುದಷ್ಟೇ ಅಲ್ಲದೆ ಅಲೆಗಳನ್ನು ತಾನೇ ಹುಟ್ಟಿಸಿಯೂ ಕೊಡುವುದು; ಕೆಪಾಸಿಟರಿನ ಬೆಲೆ, ಅಲೆಯ ಆವರ್ತನ ಇವುಗಳನ್ನೂ ಹೇಳುವುದು.

ಇದರಿಂದ ಮನೆಯಲ್ಲಿ ಮಾಡಬಹುದಾದ ಪ್ರಯೋಗಗಳಲ್ಲಿ ಮೊದಲನೆಯದಕ್ಕೆ ಕಾಸಿನ ಖರ್ಚೂ ಇಲ್ಲ. ಒಂದು ಮೊಳ ತಂತಿಯ ತುದಿಯನ್ನು ದ್ವಾರಕ್ಕೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಯಾವುದಕ್ಕೂ ತಾಗಿಸದೆ ಗಾಳಿಯಲ್ಲಿ ಬಿಟ್ಟರೆ, ತೆರೆಯ ಮೇಲೆ ೨೦ ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವ ಅಲೆಯು ಮೂಡುವುದು. ಗೋಡೆಯೊಳಗಿನ ೫೦ ಆವರ್ತನದ ವಿದ್ಯುತ್ತು ಕೋಣೆಯ ತುಂಬ ಹರಡಿರುವುದಕ್ಕೆ ಇದೇ ಸಾಕ್ಷಿ. ಅಡಿಗೆಮನೆಯ ನಿಂಬೆಹಣ್ಣಿಗೆ ತಾಮ್ರದ ತುಂಡೊಂದನ್ನೂ ಸತುವಿನ ತುಂಡೊಂದನ್ನೂ ಚುಚ್ಚಿ ಅಳೆದರೆ ಸುಮಾರು ೦.೯ ವೋಲ್ಟ್ ತೋರುವುದು. ಅದೇ ಹಣ್ಣಿಗೆ ೧೦೦೦ ಓಮಿನ ರೆಸಿಸ್ಟರನ್ನು ಜೋಡಿಸಿದೊಡನೆ ಅಂಕಿಯು ಬಹಳ ಕೆಳಗಿಳಿಯುವುದು. ನಿಂಬೆಹಣ್ಣಿನಿಂದ ದೀಪವೇಕೆ ಉರಿಯದೆಂಬುದನ್ನೂ, ಆಂತರಿಕ ಪ್ರತಿರೋಧವೆಂದರೇನೆಂಬುದನ್ನೂ ಹತ್ತು ಪುಟಗಳ ವಿವರಣೆಗಿಂತ ಈ ಇಳಿತವು ಚೆನ್ನಾಗಿ ತಿಳಿಸುವುದು.

ಪಾಠಪುಸ್ತಕದ ಪ್ರಯೋಗವೊಂದನ್ನೂ ನೋಡೋಣ. ೧೦೦೦ ಓಮಿನ ರೆಸಿಸ್ಟರಿನ ಮೂಲಕ ೧ ಮೈಕ್ರೊಫ್ಯಾರಡ್ ಕೆಪಾಸಿಟರಿಗೆ ೫ ವೋಲ್ಟನ್ನು ಕೊಟ್ಟರೆ ಅದು ಥಟ್ಟನೆ ತುಂಬದು. ೧ ಮಿಲಿಸೆಕೆಂಡಿನಲ್ಲಿ ನೂರಕ್ಕೆ ೬೩ ಪಾಲು, ಎಂದರೆ ಸುಮಾರು ೩.೧೬ ವೋಲ್ಟ್ ಮುಟ್ಟುವುದು. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ನಡೆದುಹೋಗುವ ಈ ಘಟನೆಯನ್ನು ಕೈಯ ಮೀಟರು ಹಿಡಿಯಲಾರದು. ಹುಡುಗನು ಹೊಲಿಸಿದ ಅಂಗಿಯನ್ನು ಹಾಕಿ ನೋಡುವಂತೆ, ತಾನೇ ಕಟ್ಟಿದ ಆಂಪ್ಲಿಫಯರನ್ನೂ ಒರೆಗೆ ಹಚ್ಚಬಹುದು. ೮೦ ಮಿಲಿವೋಲ್ಟಿನ ಅಲೆಯನ್ನು ಒಳಗೆ ಬಿಟ್ಟಾಗ ೮೦೦ ಮಿಲಿವೋಲ್ಟ್ ಹೊರಬಂದರೆ ಅದು ಹತ್ತರಷ್ಟು ವರ್ಧಿಸುತ್ತಿದೆ. ಒಳಗೆ ೧ ವೋಲ್ಟ್ ಬಿಟ್ಟಾಗ ಹೊರಗೆ ೧೦ ವೋಲ್ಟ್ ಬರಬೇಕೆಂದು ಲೆಕ್ಕ; ಆದರೆ ಪೂರೈಕೆಯೇ ೬ ವೋಲ್ಟಿದ್ದರೆ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುವುದು. ಧ್ವನಿವರ್ಧಕದಲ್ಲಿ ಸ್ವರವು ಒಡೆದು ಕರ್ಕಶವಾಗುವುದು ಹೀಗೆಯೇ.

ಆದರೂ ತೆರೆಯ ಮೇಲೆ ಕಂಡುದೆಲ್ಲವೂ ಸತ್ಯವಲ್ಲ. ಚಲನಚಿತ್ರದಲ್ಲಿ ಓಡುವ ಗಾಡಿಯ ಚಕ್ರವು ಕೆಲವೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ವಾಚಕರು ಗಮನಿಸಿರಬಹುದು. ಬಿಡಿಬಿಡಿಯಾಗಿ ಅಳೆಯುವ ಈ ಪೆಟ್ಟಿಗೆಗೂ ಅದೇ ಭ್ರಾಂತಿಯುಂಟು. ಸೆಕೆಂಡಿಗೆ ೧೦,೦೦೦ ಸಲ ಅಳೆಯುತ್ತಿರುವಾಗ ೯,೯೦೦ ಆವರ್ತನದ ಅಲೆಯನ್ನು ಕೊಟ್ಟರೆ ತೆರೆಯು ೧೦೦ ಆವರ್ತನದ ಅಲೆಯನ್ನು ನಿಸ್ಸಂಕೋಚವಾಗಿ ತೋರಿಸುವುದು! ಅಲೆಯ ಆವರ್ತನದ ಎರಡರಷ್ಟಕ್ಕಿಂತಲೂ ಹೆಚ್ಚು ಸಲ ಅಳೆಯಲೇಬೇಕು. ಆಕಾರವೂ ಸರಿಯಾಗಿ ಕಾಣಬೇಕಾದರೆ ಹತ್ತರಷ್ಟಾದರೂ ಬೇಕು. ಎಕ್ಸ್‌ಪೈಸ್ ಸೆಕೆಂಡಿಗೆ ಹೆಚ್ಚೆಂದರೆ ೧೦ ಲಕ್ಷ ಸಲ ಅಳೆಯತಕ್ಕದ್ದಾದುದರಿಂದ ಸಂಗೀತದ ಧ್ವನಿಗೆ ಅದು ಧಾರಾಳವಾಗಿ ಸಾಕು. ೫ ಲಕ್ಷಕ್ಕೂ ಮಿಕ್ಕ ಆವರ್ತನದ ಮಧ್ಯಮ ತರಂಗದ ರೇಡಿಯೋ ಅಲೆಗೆ ಸಾಲದು.

ಮಕ್ಕಳ ಕೈಗೆ ಈ ಸಾಧನವನ್ನು ಕೊಡುವ ಹಿರಿಯರು ಇನ್ನೊಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. ಗೋಡೆಯ ಪ್ಲಗ್ಗಿನ ೨೩೦ ವೋಲ್ಟೆಂಬುದು ಅಲೆಯ ಶಿಖರದಲ್ಲಿ ೩೨೫ ವೋಲ್ಟಿನಷ್ಟಾಗುವುದು; ೧೬ ವೋಲ್ಟಿನ ಪೆಟ್ಟಿಗೆ ಅದರ ಮುಂದೆ ಕ್ಷಣಕಾಲವೂ ನಿಲ್ಲದು. ಪೆಟ್ಟಿಗೆ ಸುಡುವುದಷ್ಟೇ ಆದರೆ ಹಣದ ನಷ್ಟವೆನ್ನಬಹುದಾಗಿತ್ತು. ಆದರೆ ಪೆಟ್ಟಿಗೆಯ ‘ಗ್ರೌಂಡ್’ ತಂತಿಯು ಯು.ಎಸ್.ಬಿ.ಯ ಮೂಲಕ ಕಂಪ್ಯೂಟರಿನ ಒಡಲಿಗೂ, ಮೂರು ಕಡ್ಡಿಯ ಪ್ಲಗ್ಗಿದ್ದಲ್ಲಿ ಅಲ್ಲಿಂದ ಮನೆಯ ಭೂಸಂಪರ್ಕಕ್ಕೂ ಕೂಡಿಕೊಂಡಿರುವುದು. ಅದನ್ನು ಜೀವಂತ ತಂತಿಗೆ ತಾಗಿಸಿದರೆ ಕಿಡಿ ಹಾರಿ ಕಂಪ್ಯೂಟರೂ ಹೋಗಬಹುದು, ಮುಟ್ಟಿದವನ ಪ್ರಾಣವೂ ಹೋಗಬಹುದು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿದರೆ ಅಪಾಯವಿಲ್ಲವೆಂದು ಕೆಲವರು ಹೇಳುವುದುಂಟು; ಆಗ ಇಡೀ ಲ್ಯಾಪ್‌ಟಾಪೇ ಜೀವಂತ ತಂತಿಯಾಗುವುದೆಂಬುದು ಅವರಿಗೆ ಹೊಳೆಯದು. ಟೆಲಿವಿಷನ್ ಮುಂತಾದವುಗಳ ಒಳಗಿನ ದೊಡ್ಡ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೂ ಕೆಲಕಾಲ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಆದುದರಿಂದ ಅವುಗಳನ್ನು ಬಿಚ್ಚಿ ಅಳೆಯುವ ಉತ್ಸಾಹಕ್ಕೆ ಅವಕಾಶ ಕೊಡಲೇಕೂಡದು. ಬ್ಯಾಟರಿ ಸೆಲ್ಲುಗಳೂ, ಸುಭದ್ರವಾಗಿ ಮುಚ್ಚಿದ ೬ ವೋಲ್ಟಿನ ಟ್ರಾನ್ಸ್‌ಫಾರ್ಮರೂ ಕಲಿಕೆಗೆ ಯಥೇಷ್ಟ.

ಕೊಳ್ಳುವವರು ಮೊದಲು ಒಂದು ಸಾಧಾರಣ ಮಲ್ಟಿಮೀಟರನ್ನೂ, ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡನ್ನೂ, ಒಂದು ಹಿಡಿ ರೆಸಿಸ್ಟರು ಕೆಪಾಸಿಟರುಗಳನ್ನೂ ತರಲಿ. ಹುಡುಗನೋ ಹುಡುಗಿಯೋ ಅವುಗಳೊಡನೆ ತಿಂಗಳೆರಡು ತಿಂಗಳು ಆಸಕ್ತಿಯಿಂದ ಕಳೆದರೆ ಆಮೇಲೆ ಪೆಟ್ಟಿಗೆಯನ್ನು ಕೊಡಿಸಬಹುದು. ಒಂದು ಮನೆಗೆ ಭಾರವೆನಿಸಿದಲ್ಲಿ ಒಂದೇ ತರಗತಿಯ ನಾಲ್ವರು ಮಕ್ಕಳ ತಂದೆತಾಯಿಗಳು ಕೂಡಿ ಕೊಂಡು, ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಇಟ್ಟುಕೊಳ್ಳಬಹುದು. ಜೇಬಿನಲ್ಲಿ ಹಿಡಿಯುವ ವಸ್ತುವಾದುದರಿಂದ ಸಾಗಿಸುವ ಶ್ರಮವೇನೂ ಇಲ್ಲ.