ಸ್ತಬ್ಧ ಪರದೆಯೂ ರೀಬೂಟ್ ಎಂಬ ಸರ್ವರೋಗನಿವಾರಕವೂ

ಸಿಮ್ ಕಾರ್ಡಿನ ಮೂಲಕ ದೂರದ ಸಾಧನವೊಂದಕ್ಕೆ ಲಾಗಿನ್ ಆಗಿ ಆದೇಶಗಳನ್ನು ಟೈಪಿಸುತ್ತಿರುವಾಗ ಪರದೆ ಸ್ತಬ್ಧವಾದರೆ ಸಾಧನವೇ ‘ಹ್ಯಾಂಗ್’ ಆಗಿದೆಯೆಂದೂ, ಸ್ಥಳಕ್ಕೆ ಹೋಗಿ ವಿದ್ಯುತ್ತನ್ನು ತೆಗೆದು ಕೊಡುವುದೊಂದೇ ಉಪಾಯವೆಂದೂ ನಂಬುವವರಲ್ಲಿ ತಂತ್ರಜ್ಞರೂ ಇರುವುದು ಸೋಜಿಗದ ಸಂಗತಿ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಹೊಲ, ಕಾಲುವೆ, ಪಂಪ್‌ಹೌಸುಗಳಂಥ ಕಡೆ ಇರಿಸುವ ಎಂಬೆಡೆಡ್ ಲಿನಕ್ಸ್ ಸಾಧನಗಳ, ಎಂದರೆ ಒಂದೇ ಕೆಲಸಕ್ಕೆಂದು ಪೆಟ್ಟಿಗೆಯೊಳಗೆ ಹುದುಗಿಸಿದ ಪುಟ್ಟ ಗಣಕಗಳ ವಿಷಯದಲ್ಲಿ, ಈ ನಂಬಿಕೆಗೆ ತೆರಬೇಕಾದ ಬೆಲೆ ಒಂದು ದಿನದ ಓಡಾಟ.

ಮೊಬೈಲ್ ಜಾಲದಲ್ಲಿ ಅನೇಕ ಚಂದಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವುದು ಸಾಮಾನ್ಯವಾದುದರಿಂದ ಹೊರಗಿನವರು ಸಾಧನವನ್ನು ನೇರವಾಗಿ ತಲುಪಲಾರರು. ಸಾಧನವೇ ಹೊರಗಿನ ಸರ್ವರಿಗೆ ಎಸ್‌ಎಸ್‌ಎಚ್ ಸುರಂಗವೊಂದನ್ನು, ಅಂದರೆ ಗೂಢಲಿಪಿಯಲ್ಲಿ ಸಾಗುವ ಸಂಪರ್ಕವನ್ನು, ತೆರೆದಿಟ್ಟುಕೊಂಡಿರುತ್ತದೆ. ಯಾವ ಸಂಪರ್ಕ ಯಾರದೆಂಬ ಪಟ್ಟಿಯನ್ನು ಇಡುವ ಮಧ್ಯವರ್ತಿ ಯಂತ್ರವು, ಸುಮ್ಮನಿರುವ ಸಂಪರ್ಕವನ್ನು ಕನಿಷ್ಠ 2 ಗಂಟೆ 4 ನಿಮಿಷ ಉಳಿಸಿಕೊಳ್ಳಬೇಕೆಂದು 2008ರ ಅಂತರ್ಜಾಲ ಮಾನಕ ಹೇಳಿದ್ದರೂ, ಅನೇಕ ಜಾಲಗಳು ಕೆಲವೇ ನಿಮಿಷಗಳಲ್ಲಿ ಅದನ್ನು ಅಳಿಸಿಹಾಕುತ್ತವೆ. ಲಿನಕ್ಸ್ ತಾನಾಗಿ ಸಂಪರ್ಕದ ಜೀವ ಪರೀಕ್ಷಿಸುವುದು 7200 ಸೆಕೆಂಡುಗಳ ಮೌನದ ಬಳಿಕ. ಹೀಗಾಗಿ ಆರೋಗ್ಯವಾಗಿ ಓಡುತ್ತಿರುವ ಸಾಧನವು ಸತ್ತ ಸುರಂಗವನ್ನು ಜೀವಂತವೆಂದೇ ಭಾವಿಸಿ ಎರಡು ಗಂಟೆ ಕಾಯುತ್ತದೆ, ಅಷ್ಟರಲ್ಲಿ ಯಾರೋ ಬೈಕೇರಿ ಹೊರಟಿರುತ್ತಾರೆ. ರೀಬೂಟಿನಿಂದ ಹೊಸ ಸುರಂಗ ತೆರೆದುಕೊಳ್ಳುವುದೇನೋ ನಿಜ. ಆದರೆ ಫ್ಲ್ಯಾಶ್ ಸವೆಯದಿರಲೆಂದು ರ್‍ಯಾಮಿನಲ್ಲಿ ಇರಿಸಿದ ಲಾಗ್‌ಗಳೂ, ಎಂದರೆ ಸಾಧನದ ಆಗುಹೋಗುಗಳ ದಾಖಲೆಗಳೂ, ಆಗಲೇ ಅಳಿದುಹೋಗುವುದರಿಂದ ನಂಬಿಕೆಯನ್ನು ಸುಳ್ಳಾಗಿಸಬಹುದಾಗಿದ್ದ ಸಾಕ್ಷ್ಯವೂ ಉಳಿಯುವುದಿಲ್ಲ. ಸಾಧನದಲ್ಲಿ ಸುರಂಗ ತೆರೆಯುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ‘ಸರ್ವರ್‌ಅಲೈವ್‌ಇಂಟರ್ವಲ್’ ಮೌಲ್ಯವನ್ನು 30 ಸೆಕೆಂಡು ಎಂದಿಟ್ಟರೆ, ಜೀವವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬಾರದಿದ್ದಾಗ, ಸುಮಾರು ಒಂದೂವರೆ ನಿಮಿಷದಲ್ಲೇ, ಸತ್ತ ಸಂಪರ್ಕ ಕಡಿದುಹೋಗುತ್ತದೆ. ಅದನ್ನು ಮರಳಿ ತೆರೆಯುವ ಕೆಲಸ ಲಿನಕ್ಸಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯದು. ಬಳಿಕ ‘ಅಪ್‌ಟೈಮ್’ ಎಂಬ ಒಂದೇ ಆದೇಶ ಕೊಟ್ಟು ಯಂತ್ರ ಎಷ್ಟು ಕಾಲದಿಂದ ನಿಲ್ಲದೆ ಓಡುತ್ತಿದೆಯೆಂದು ನೋಡುವ ವ್ಯವಧಾನ ಎಷ್ಟು ಜನರಿಗಿದೆಯೋ!

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಂದು ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಸೇರುವಂಥ ಜನಸಂದಣಿಯಲ್ಲಿ ಟವರುಗಳ ಮೇಲೆ ಹೊರೆ ಹೆಚ್ಚಿ ಮಾಹಿತಿಯ ತುಣುಕುಗಳು ಕಳೆದುಹೋದರೂ, ಲಿನಕ್ಸ್ ಕಾಯುವ ಅಂತರವನ್ನು ಇಮ್ಮಡಿಸುತ್ತ ಸುಮಾರು 15 ನಿಮಿಷಗಳವರೆಗೆ ಅವನ್ನು ಮತ್ತೆ ಮತ್ತೆ ಕಳಿಸುತ್ತದೆ, ಅಷ್ಟು ಹೊತ್ತೂ ಪರದೆ ಸ್ತಬ್ಧವಾಗಿಯೇ ಕಾಣಬಹುದು. ದುರಸ್ತಿಗಾರ ತಲುಪುವ ವೇಳೆಗೆ ಸಂದಣಿ ಕರಗಿ ಎಲ್ಲವೂ ಸರಿಹೋದರೆ ಕೀರ್ತಿ ಸಲ್ಲುವುದು ಅವನ ಕೈಗುಣಕ್ಕೆ. ಕಾಕತಾಲೀಯ ನ್ಯಾಯವನ್ನು ತರ್ಕಶಾಸ್ತ್ರದ ತರಗತಿಯಲ್ಲಿ ಕೇಳಿ ನಗುವವರು ಸರ್ವರ್ ಕೋಣೆಯಲ್ಲಿ ಅದಕ್ಕೇ ಶರಣಾಗುತ್ತಾರೆ. ಆಫ್ ಮಾಡಿ ಆನ್ ಮಾಡುವ ವಿಧಿಯಲ್ಲಿ ಏಕೆಂದು ಕೇಳುವುದು ಅಪಚಾರವೆನಿಸಿಕೊಂಡಿದೆ.

ಲಾಗಿನ್ ತಡವಾದರೆ ಪ್ರೊಸೆಸರ್ ದುರ್ಬಲವೆನ್ನುವುದು ಇನ್ನೊಂದು ಆತುರ. ಬಂದವರ ವಿಳಾಸಕ್ಕೆ ಹೆಸರು ಹುಡುಕುತ್ತ ಸಾಧನದ ಎಸ್‌ಎಸ್‌ಎಚ್ ಸರ್ವರ್, ಹೆಸರು-ವಿಳಾಸಗಳ ಕೋಶವಾದ ಡಿಎನ್‌ಎಸ್‌ನಿಂದ ಬಾರದ ಉತ್ತರಕ್ಕೆ ಕಾಯುತ್ತಿರಬಹುದು. ಟೈಪಿಸಿದ ಅಕ್ಷರಗಳು ಸರಿಯಾಗಿ ಮೂಡಿ ಉದ್ದದ ಪಟ್ಟಿ ಬರುವಾಗ ಮಾತ್ರ ಪರದೆ ನಿಂತರೆ, ದಾರಿಯ ಮಿತಿಗಿಂತ ದೊಡ್ಡದಾದ ಪ್ಯಾಕೆಟ್ಟುಗಳು ನಡುವೆಯೇ ಬಿದ್ದುಹೋಗುತ್ತಿರುವ ಸಂಭವವೇ ಹೆಚ್ಚು. ಫೈಲ್ ಉಳಿಸುವ ಅಭ್ಯಾಸಬಲದಿಂದ ಕಂಟ್ರೋಲ್ ಜೊತೆ ಎಸ್ ಒತ್ತಿ ಹೊರಹರಿವನ್ನು ತಾವೇ ತಡೆದವರಿಗೆ ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ ಸಾಕು, ರಾಮದುರ್ಗಕ್ಕೆ ಹೋಗಬೇಕಾಗಿಲ್ಲ.