ಈ ಮಟ್ಟು ಯಾರದು?

ಮಂಡ್ಯದಲ್ಲೊಂದು ಮನೆ, ಭಾನುವಾರದ ಸಂಜೆ. ನಡುಮನೆಯಲ್ಲಿ ಜಮಖಾನೆ ಹಾಸಿದೆ. ಗೋಡೆಯ ಪಕ್ಕದಲ್ಲಿ ಹಾರ್ಮೋನಿಯಂ, ಅದರ ಮಗ್ಗುಲಲ್ಲಿ ತಬಲ. ಮದ್ದೂರಿನಿಂದ ರೈಲಿನಲ್ಲಿ ಬಂದವರು ಮೂವರು, ರೈಲಿಲ್ಲದ ಮಳವಳ್ಳಿಯಿಂದ ಬಸ್ಸು ಹಿಡಿದು ಬಂದವರು ಇಬ್ಬರು, ಊರವರೇ ಏಳೆಂಟು ಮಂದಿ. ಇವರಲ್ಲಿ ಯಾರೂ ಸಂಗೀತವನ್ನು ನಂಬಿ ಹೊಟ್ಟೆ ಹೊರೆಯುವವರಲ್ಲ. ಬ್ಯಾಂಕಿನ ನೌಕರರು, ಶಾಲೆಯ ಉಪಾಧ್ಯಾಯಿನಿಯರು, ನಿವೃತ್ತರಾದ ಮೇಷ್ಟರು, ಕಾಲೇಜಿನಲ್ಲಿ ಓದುವ ಹುಡುಗರು. ಮೆಚ್ಚಿದ ಕವಿತೆಗೋ ತಾವೇ ಬರೆದ ನಾಲ್ಕು ಸಾಲಿಗೋ ಮಟ್ಟು ಕಟ್ಟಿಕೊಂಡು ಬಂದು, ತಿಂಗಳಿಗೊಮ್ಮೆ ಒಬ್ಬರ ಮುಂದೊಬ್ಬರು ಹಾಡಿಕೊಳ್ಳುವುದು ಇವರ ಹವ್ಯಾಸ.

ಇದು ನಾವು ಕಲ್ಪಿಸಿಕೊಂಡ ಸಂಜೆ. ಇಲ್ಲಿರುವ ಯಾರಿಗೂ ಹೆಸರಿಲ್ಲ. ಆದರೆ ಇಂಥ ಕೂಟಗಳು ನಮ್ಮ ಕಡೆಗೆ ಹೊಸವಲ್ಲವಾದ ಕಾರಣ, ವಾಚಕರು ತಮಗೆ ಪರಿಚಿತವಾದ ಮುಖಗಳನ್ನೇ ಈ ಜಮಖಾನೆಯ ಮೇಲೆ ಕೂರಿಸಿಕೊಳ್ಳಬಹುದು.

ಸರದಿ ಮದ್ದೂರಿನ ತರುಣನದಾಯಿತು. ಆತ ಹಾರ್ಮೋನಿಯಂ ಬಳಿಗೆ ಹೋಗಲಿಲ್ಲ. ಜೇಬಿನಿಂದ ಮೊಬೈಲನ್ನು ತೆಗೆದು, “ಅಮ್ಮನ ಮೇಲೆ ಒಂದು ಹಾಡು. ನಾನೇ ಮಾಡಿದ್ದು” ಎಂದು ನುಡಿಸತೊಡಗಿದ. ಪಿಟೀಲು, ಕೊಳಲು, ಮೃದಂಗ, ಅವುಗಳ ನಡುವೆ ತಿದ್ದಿ ತೀಡಿದಂಥ ಹೆಣ್ಣು ಕಂಠ. ಎಲ್ಲರೂ ಬೆರಗಾದರು. ಹಾಡು ಮುಗಿದ ಮೇಲೆ ನಿವೃತ್ತ ಮೇಷ್ಟರು ಕೇಳಿದರು:

“ಸೊಗಸಾಗಿದೆ ಕಣಪ್ಪ. ಒಂದು ಮಾತು. ಪಲ್ಲವಿಯೆಲ್ಲ ಮೋಹನದಲ್ಲಿ ನಡೆದಿದೆ. ಚರಣದಲ್ಲಿ ಒಂದು ಕಡೆ ನಿಷಾದ ಬಂತಲ್ಲ, ಅದನ್ನು ಬೇಕೆಂದೇ ಇಟ್ಟೆಯಾ?”

“ಅದು... ಹಾಗೇ ಬಂತು, ಮೇಷ್ಟ್ರೇ.”

ಮೋಹನ ರಾಗದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಆದರೂ ಸುಗಮ ಸಂಗೀತದಲ್ಲಿ ಭಾವದ ಸಲುವಾಗಿ ಅನ್ಯಸ್ವರವೊಂದನ್ನು ತರುವುದುಂಟು. ತಿಳಿದು ತಂದರೆ ಅದು ಚೆಲುವು, ತಿಳಿಯದೆ ಬಂದರೆ ತಪ್ಪು. ಮೇಷ್ಟರ ಪ್ರಶ್ನೆ ಕುಹಕದ್ದಲ್ಲ. ಆದರೆ ಉತ್ತರ ಹೇಳಬೇಕಾದವನು ಹಾಡನ್ನು ಕಟ್ಟಿದವನು. ಆ ತರುಣ ಕಟ್ಟಿರಲಿಲ್ಲ. ಎರಡು ಸಾಲು ವಿವರಣೆಯನ್ನೂ ತನ್ನ ಪದ್ಯವನ್ನೂ ಯಂತ್ರಕ್ಕೆ ಒಪ್ಪಿಸಿದ್ದ. ಉಳಿದುದನ್ನು ಯಂತ್ರ ಮಾಡಿತ್ತು.

ಯಂತ್ರದ ಕೆಲಸ

ಜನರು ಎ.ಐ. ಎಂದು ಕರೆಯುವ ಕೃತಕ ಬುದ್ಧಿಮತ್ತೆ ಸಂಗೀತದ ಮನೆಗೆ ಕಾಲಿಟ್ಟದ್ದು ತೀರ ಈಚೆಗೆ. ‘ಸುನೋ’ ಎಂಬ ಅಮೆರಿಕದ ಸಾಧನ 2023ರ ಡಿಸೆಂಬರಿನಲ್ಲಿ ಎಲ್ಲರ ಕೈಗೂ ಎಟಕುವಂತಾಯಿತು. ‘ಯುಡಿಯೋ’ ಎಂಬ ಇನ್ನೊಂದು 2024ರ ಏಪ್ರಿಲಿನಲ್ಲಿ ಬಂತು. ಇಂಥ ಭಾವ, ಇಂಥ ವಾದ್ಯ, ಗಂಡು ಕಂಠವೋ ಹೆಣ್ಣು ಕಂಠವೋ ಎಂದು ಬರೆದು ತಿಳಿಸಿದರಾಯಿತು. ಕಾಫಿ ಆರುವುದರೊಳಗೆ ಹಾಡು ಸಿದ್ಧ. ಅಸಂಖ್ಯಾತ ಧ್ವನಿಮುದ್ರಿಕೆಗಳನ್ನು ಅರೆದು ಕುಡಿದು, ಯಾವ ಸ್ವರದ ಹಿಂದೆ ಯಾವ ಸ್ವರ ಬರುವುದು ವಾಡಿಕೆ ಎಂಬುದನ್ನು ಈ ಯಂತ್ರಗಳು ಕಲಿತುಕೊಂಡಿವೆ. ಆ ಮುದ್ರಿಕೆಗಳನ್ನು ನಮ್ಮ ಅಪ್ಪಣೆಯಿಲ್ಲದೆ ಬಳಸಿದ್ದೀರಿ ಎಂದು ದೊಡ್ಡ ಧ್ವನಿಮುದ್ರಣ ಕಂಪನಿಗಳು 2024ರ ಜೂನಿನಲ್ಲಿ ಅಮೆರಿಕದಲ್ಲಿ ಈ ಎರಡರ ಮೇಲೂ ದಾವೆ ಹೂಡಿದವು. ಆ ಪೈಕಿ ಕೆಲವು ಕಂಪನಿಗಳು 2025ರ ಕೊನೆಯ ತಿಂಗಳುಗಳಲ್ಲಿ ರಾಜಿ ಮಾಡಿಕೊಂಡವು.

ಯಂತ್ರವನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಕೈಬೆರಳು ಹಾರ್ಮೋನಿಯಂ ಮೇಲೆ ಓಡದ, ಕಂಠ ಒಲಿಯದ ಎಷ್ಟೋ ಜನರ ಎದೆಯಲ್ಲಿ ಹಾಡು ಇರುತ್ತದೆ. ಅಂಥವರಿಗೆ ಇದೊಂದು ಊರುಗೋಲಾದರೆ ಯಾರಿಗೇನು ನಷ್ಟ? ನಮ್ಮ ಪ್ರಶ್ನೆ ಮೇಲಿನ ತರುಣನ ಎರಡು ಪದಗಳನ್ನು ಕುರಿತದ್ದು: “ನಾನೇ ಮಾಡಿದ್ದು.”

ಕಣ್ಣಿಗೆ ಕಾಣುತ್ತಿದ್ದ ಸಹಾಯ

ಸಂಗೀತಕ್ಕೆ ಹೊಸ ಸಾಧನ ಬಂದಾಗಲೆಲ್ಲ ಜಗಳವಾಗಿದೆ. ಇಂದು ನಮ್ಮ ಭಜನೆಯ ಮನೆಗಳಲ್ಲಿ ಹಿರಿಯನಂತೆ ಕುಳಿತಿರುವ ಹಾರ್ಮೋನಿಯಂ ಪರದೇಶದಿಂದ ಬಂದದ್ದು. ನಮ್ಮ ಗಮಕಗಳು ಅದಕ್ಕೆ ಒಗ್ಗವೆಂದು ಅಖಿಲ ಭಾರತ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲಾದದ್ದು 1971ರಲ್ಲಿ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದಾಗ, ತಂತಿಯಿಲ್ಲದ ಪೆಟ್ಟಿಗೆಯ ಶ್ರುತಿಗೆ ಹಾಡುವುದೆಂತು ಎಂದು ಮುಖ ಸಿಂಡರಿಸಿದವರುಂಟು. ಇಂದು ಅದಿಲ್ಲದ ಕಚೇರಿಯೇ ಅಪರೂಪ.

ಆದರೆ ಒಂದು ಅಂಶವನ್ನು ಗಮನಿಸಬೇಕು. ಈ ಸಾಧನಗಳೆಲ್ಲ ವೇದಿಕೆಯ ಮೇಲೆ ಎಲ್ಲರ ಕಣ್ಣೆದುರಿಗೆ ಇರುತ್ತಿದ್ದವು. ಪೆಟ್ಟಿಗೆ ಯಾವುದು, ಗಾಯಕ ಯಾರು, ಪಕ್ಕವಾದ್ಯದವರು ಎಷ್ಟು ಮಂದಿ ಎಂಬುದನ್ನು ಮಗುವೂ ಹೇಳಬಲ್ಲದಾಗಿತ್ತು. ಆದುದರಿಂದ ಯಾರೂ ಎದ್ದುನಿಂತು, “ಶ್ರುತಿ ಹಿಡಿದದ್ದು ನಾನಲ್ಲ, ಪೆಟ್ಟಿಗೆ” ಎಂದು ಸಾರಬೇಕಾಗಿರಲಿಲ್ಲ. ಈ ಹೊಸ ಸಹಾಯಕನಾದರೋ ಅದೃಶ್ಯ. ಕಿವಿಗೂ ಅದರ ಗುರುತು ಹತ್ತದು. ಫ್ರಾನ್ಸಿನ ‘ಡೀಜರ್’ ಸಂಸ್ಥೆ 2025ರ ನವೆಂಬರಿನಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 8 ದೇಶಗಳ 9,000 ಜನರಿಗೆ ಹಾಡುಗಳನ್ನು ಕೇಳಿಸಿ, ಯಂತ್ರದ್ದು ಯಾವುದು, ಮನುಷ್ಯರದು ಯಾವುದು ಎಂದು ಕೇಳಲಾಗಿತ್ತು. ನೂರಕ್ಕೆ 97 ಮಂದಿ ಎಡವಿದರು. ಕಣ್ಣೂ ಕಿವಿಯೂ ಸೋತ ಕಡೆ ಉಳಿಯುವುದು ಹೇಳುವವನ ಬಾಯಿಮಾತೊಂದೇ.

ಹೆಸರಿಡುವ ಸಂಪ್ರದಾಯ

ಈ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಸೂಕ್ಷ್ಮವಾಗಿ ನಡೆದುಕೊಂಡವರು. ವಚನಕಾರರಿಗೆ ಅಂಕಿತವಿತ್ತು, ಹರಿದಾಸರಿಗೆ ಮುದ್ರಿಕೆಯಿತ್ತು. ‘ಪುರಂದರವಿಠಲ’ ಎಂದೊಡನೆ ಪದ ಯಾರದೆಂದು ತಿಳಿಯುತ್ತದೆ. ಮೈಸೂರು ವಾಸುದೇವಾಚಾರ್ಯರ ಕೃತಿಗಳಲ್ಲಿ ‘ವಾಸುದೇವ’ ಎಂಬ ಮುದ್ರೆ, ಜಯಚಾಮರಾಜ ಒಡೆಯರ ಕೃತಿಗಳಲ್ಲಿ ‘ಶ್ರೀವಿದ್ಯಾ’ ಎಂಬ ಮುದ್ರೆ ಕುಳಿತಿವೆ.

ಸಾಲ ತಂದದ್ದನ್ನು ಹೇಳಿಕೊಳ್ಳುವುದಕ್ಕೂ ಒಂದು ಮರ್ಯಾದೆಯ ಮಾರ್ಗವಿತ್ತು. ನಾಟಕದ ಹಾಡುಗಳ ಹಳೆಯ ಪುಸ್ತಿಕೆಗಳನ್ನು ಕಂಡವರು ನೆನಪಿಸಿಕೊಳ್ಳಲಿ. ಪದ್ಯದ ನೆತ್ತಿಯ ಮೇಲೆ, ಇದನ್ನು ಇಂಥ ಹಾಡಿನ ಮಟ್ಟಿನಲ್ಲಿ ಹಾಡತಕ್ಕದ್ದು ಎಂದು ಅಚ್ಚಾಗಿರುತ್ತಿತ್ತು. ಮಟ್ಟು ಮರಾಠಿಯಿಂದ ಬಂದಿರಲಿ, ಹಿಂದುಸ್ತಾನಿಯಿಂದ ಬಂದಿರಲಿ, ಒಂದೇ ಒಂದು ಸಾಲಿನಲ್ಲಿ ಋಣ ಸಂದಾಯವಾಗುತ್ತಿತ್ತು.

ನಮ್ಮ ಜಿಲ್ಲೆಯ ಸಂಬಂಧವಿರುವ ಇನ್ನೊಂದು ದೃಷ್ಟಾಂತ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದವರಾದ ಬಿ.ಎಂ. ಶ್ರೀಕಂಠಯ್ಯನವರು ಪರಭಾಷೆಯ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ಪುಸ್ತಕ ಮಾಡಿದಾಗ ಅದಕ್ಕಿಟ್ಟ ಹೆಸರು ‘ಇಂಗ್ಲಿಷ್ ಗೀತಗಳು’. ಮೂಲವನ್ನು ಮುಖಪುಟದಲ್ಲೇ ಒಪ್ಪಿಕೊಂಡ ಆ ಪುಸ್ತಕವನ್ನು ಕನ್ನಡ ನಾಡು ಎರವಲೆಂದು ತಳ್ಳಲಿಲ್ಲ; ಹೊಸ ಕಾವ್ಯದ ಬಾಗಿಲು ತೆರೆದ ಕೃತಿಯೆಂದು ತಲೆಯ ಮೇಲೆ ಹೊತ್ತುಕೊಂಡಿತು.

ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಅಚ್ಚಾದದ್ದು 1942ರಲ್ಲಿ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ರಾಗ ಸಂಯೋಜನೆ ಮಾಡಿದ ಮೇಲೆ ಅವರ ಕವಿತೆಗಳು ಪುಸ್ತಕ ಓದದವರ ಮನೆಗಳನ್ನೂ ಹೊಕ್ಕವು. ಇಂದಿಗೂ ಸುಗಮ ಸಂಗೀತದ ವೇದಿಕೆಯಲ್ಲಿ ಹಾಡಿಗೆ ಮುಂಚೆ ಸಾಹಿತ್ಯ ಯಾರದು, ಸಂಯೋಜನೆ ಯಾರದು, ಹಾಡುವವರು ಯಾರು ಎಂದು ಮೂರು ಹೆಸರುಗಳನ್ನು ಹೇಳುವ ಪದ್ಧತಿಯಿದೆ. ಕವಿಗೆ ಸಲ್ಲಬೇಕಾದ ಕೀರ್ತಿಯನ್ನು ಗಾಯಕ ನುಂಗಬಾರದೆಂಬುದೇ ಅದರ ತಿರುಳು.

ಹೆಸರೇ ಇಲ್ಲದ ಸಂಗೀತವೂ ನಮ್ಮಲ್ಲಿದೆಯಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಪುಣ್ಯಸ್ಥಳ. ತಂಬೂರಿ ಮೀಟುತ್ತ, ತಾಳ ಗಗ್ಗರಗಳ ನಾದದಲ್ಲಿ ನೀಲಗಾರರು ರಾತ್ರಿಯೆಲ್ಲ ಹಾಡುವ ಆ ಮಹಾಕಾವ್ಯಕ್ಕೆ ಒಬ್ಬ ಕರ್ತೃವಿಲ್ಲ. ಆದರೆ ಯಾವ ನೀಲಗಾರನೂ ಅದನ್ನು ತಾನು ಕಟ್ಟಿದ್ದೆಂದು ಹೇಳಿಕೊಳ್ಳುವುದಿಲ್ಲ. ಗುರುವಿನಿಂದ ಬಂದದ್ದೆಂದೇ ಹಾಡುತ್ತಾನೆ. ಹೆಸರು ಹಾಕದಿರುವುದು ಬೇರೆ, ತನ್ನದಲ್ಲದ್ದಕ್ಕೆ ತನ್ನ ಹೆಸರು ಹಾಕುವುದು ಬೇರೆ.

ಮುಚ್ಚಿದವರು, ತೆರೆದವರು

2025ರಲ್ಲಿ ‘ದಿ ವೆಲ್ವೆಟ್ ಸನ್‌ಡೌನ್’ ಎಂಬ ತಂಡದ ಹಾಡುಗಳನ್ನು ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಕೇಳುವಂತಾಯಿತು. ಸದಸ್ಯರ ಭಾವಚಿತ್ರಗಳೂ ಇದ್ದವು. ಆದರೆ ಅವರನ್ನು ಕಣ್ಣಾರೆ ಕಂಡವರಿರಲಿಲ್ಲ. ಸಂಶಯ ಬೆಳೆದ ಮೇಲೆ, ಹಾಡುಗಳು ಕೃತಕ ಬುದ್ಧಿಮತ್ತೆಯ ನೆರವಿನಿಂದ ತಯಾರಾದವೆಂದು ತಂಡದ ಪರಿಚಯದಲ್ಲೇ ಒಪ್ಪಿಕೊಳ್ಳಬೇಕಾಯಿತು. ಕೇಳಿ ಮೆಚ್ಚಿದವರಲ್ಲಿ ಅನೇಕರಿಗೆ ನೋವಾದದ್ದು ಹಾಡು ಕೆಟ್ಟದೆಂದಲ್ಲ, ತಮ್ಮನ್ನು ಮೂರ್ಖರನ್ನಾಗಿ ಮಾಡಿದರೆಂದು.

ಇದಕ್ಕೆ ಎದುರಾದ ನಿದರ್ಶನಗಳೂ ಇವೆ. 2024ರ ಜನವರಿಯಲ್ಲಿ ಎ.ಆರ್. ರೆಹಮಾನ್ ಅವರು ತಮಿಳಿನ ‘ಲಾಲ್ ಸಲಾಂ’ ಚಿತ್ರದ ಹಾಡೊಂದಕ್ಕೆ, ತೀರಿಹೋದ ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ಕಂಠಗಳನ್ನು ಯಂತ್ರದ ಮೂಲಕ ಮರಳಿ ತಂದರು. ಕುಟುಂಬದವರ ಅನುಮತಿ ಪಡೆದು, ಸಂಭಾವನೆ ಸಲ್ಲಿಸಿರುವುದಾಗಿ ತಾವೇ ಮುಂದಾಗಿ ಪ್ರಕಟಿಸಿದರು. ಮಾಡಿದ್ದು ಸರಿಯೇ ಎಂದು ಚರ್ಚಿಸಿದವರುಂಟು, ಮುಚ್ಚಿಟ್ಟರೆಂದು ದೂರಿದವರಿಲ್ಲ. ಕನ್ನಡದಲ್ಲೇ 2025ರಲ್ಲಿ ‘ಲವ್ ಯೂ’ ಎಂಬ ಚಿತ್ರ ಬಂತು. ದೃಶ್ಯ, ದನಿ, ಹಾಡು ಎಲ್ಲವೂ ಕೃತಕ ಬುದ್ಧಿಮತ್ತೆಯಿಂದ ಆದವೆಂದು ಅದನ್ನು ತೆಗೆದವರೇ ಸಾರಿದರು. ಮೆಚ್ಚುವುದೂ ಬಿಡುವುದೂ ನೋಡುವವರ ಇಷ್ಟ. ಆದರೆ ನೋಡುತ್ತಿರುವುದು ಏನನ್ನೆಂಬುದು ಅವರಿಗೆ ಗೊತ್ತಿತ್ತು.

ಕಾನೂನು ಏನನ್ನುತ್ತದೆ ಎಂದು ಕೆಲವರು ಕೇಳುವರು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ಈ ಮಾತನ್ನು ಹಿಡಿದು ಆ ತರುಣ ವಾದಿಸಲೂಬಹುದು. ಆದರೆ ಸ್ವತ್ತು ಯಾರದೆಂಬುದು ಕಾನೂನಿನ ಪ್ರಶ್ನೆ. ಜಮಖಾನೆಯ ಮೇಲೆ ಕುಳಿತವರು ಕೇಳಿದ್ದು, ಶ್ರಮ ಯಾರದೆಂದು.

ನಷ್ಟ ಯಾರಿಗೆ?

ಹವ್ಯಾಸಿಗಳ ಕೂಟದಲ್ಲಿ ದುಡ್ಡಿಲ್ಲ; ಇನ್ನು ಮೋಸವೆಲ್ಲಿ ಬಂತು ಎನ್ನುವವರಿದ್ದಾರೆ. ದುಡ್ಡಿಲ್ಲದಿರುವುದರಿಂದಲೇ ಅಲ್ಲಿ ಮಾತಿಗೆ ಬೆಲೆ ಹೆಚ್ಚು. ಒಬ್ಬರು ತಾವು ಕಟ್ಟಿದ್ದನ್ನು ಮುಂದಿಡುತ್ತಾರೆ. ಉಳಿದವರು ತಮ್ಮ ಸಂಜೆಯನ್ನೂ ಕಿವಿಯನ್ನೂ ಕೊಟ್ಟು, ಇಲ್ಲಿ ತಾಳ ಜಾರಿದೆ, ಅಲ್ಲಿ ಪದ ಒಡೆದಿದೆ ಎಂದು ತಿದ್ದುತ್ತಾರೆ. ಅಲ್ಲಿ ನಡೆಯುವ ವ್ಯಾಪಾರವೆಲ್ಲ ಇಷ್ಟೇ.

ಮುಚ್ಚಿಟ್ಟವನಿಗೆ ಮೊದಲ ನಷ್ಟ. ಮೇಷ್ಟರು ನಿಷಾದದ ಬಗ್ಗೆ ಒಂದು ಪಾಠವನ್ನೇ ಹೇಳಲು ಸಿದ್ಧರಿದ್ದರು; ಕಲಿಯುವ ಅವಕಾಶ ಕೈತಪ್ಪಿತು. ಎರಡನೆಯ ನಷ್ಟ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದ ಉಪಾಧ್ಯಾಯಿನಿಗೆ. ಆಕೆ ಮಕ್ಕಳನ್ನು ಮಲಗಿಸಿ, ಹದಿನೈದು ರಾತ್ರಿ ತಡಕಾಡಿ ಒಂದು ಮಟ್ಟು ಕಟ್ಟಿ ತಂದಿದ್ದರು. ಆ ಮೆರುಗಿನ ಹಾಡಿನ ಎದುರು ಅವರಿಗೆ ತಮ್ಮದು ಸಪ್ಪೆಯೆನಿಸಿ ಪುಸ್ತಕವನ್ನು ಚೀಲದೊಳಗೇ ಇಟ್ಟುಕೊಂಡರು. ಮೂರನೆಯ ನಷ್ಟ ನಾಳೆ ಬರುವವರಿಗೆ. ಒಂದು ಸಲ ಗುಟ್ಟು ಹೊರಬಿದ್ದ ಮೇಲೆ, ನಿಜವಾಗಿ ಕಟ್ಟಿದವರ ಕಡೆಗೂ “ಇದೂ ಯಂತ್ರದ್ದೇ ಇರಬೇಕು” ಎಂಬ ನೋಟ ಹರಿಯುತ್ತದೆ. ಪ್ರಾಮಾಣಿಕರು ತಮ್ಮ ಹಾಡು ತಮ್ಮದೇ ಎಂಬುದಕ್ಕೆ ಸಾಕ್ಷಿ ಎಲ್ಲಿಂದ ತಂದಾರು?

ನಾಲ್ಕು ಮಾತು

ಪರಿಹಾರ ಕಷ್ಟದ್ದೇನಲ್ಲ. ಹಾಡಿನಲ್ಲಿ ನಾಲ್ಕು ಭಾಗಗಳುಂಟು: ಸಾಹಿತ್ಯ, ಮಟ್ಟು, ವಾದ್ಯಮೇಳ, ಕಂಠ. ಪ್ರತಿಯೊಂದೂ ಯಾರದೆಂದು ಹಾಡಿಗೆ ಮುಂಚೆ ಹೇಳಿಬಿಟ್ಟರೆ ಸಾಕು. “ಪದ್ಯ ನನ್ನದು, ಮಟ್ಟು ನನ್ನದು, ವಾದ್ಯ ಯಂತ್ರದ್ದು” ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಸ್ಪರ್ಧೆ ಏರ್ಪಡಿಸುವವರು ಈ ನಾಲ್ಕನ್ನೂ ಅರ್ಜಿಯಲ್ಲೇ ಕೇಳಬಹುದು. ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡು ಸಿದ್ಧಪಡಿಸುವ ಮಕ್ಕಳಿಗೆ ತಂದೆತಾಯಿಗಳು ಮನೆಯಲ್ಲೇ ಇದನ್ನು ರೂಢಿ ಮಾಡಿಸಬಹುದು.

ಕೇಳುವವರಿಗೂ ಒಂದು ಹೊಣೆಯಿದೆ. ನಿಜ ಹೇಳಿದವನನ್ನು ನೋಡಿ ನಕ್ಕರೆ, ಮುಂದಿನ ತಿಂಗಳು ಯಾರೂ ನಿಜ ಹೇಳುವುದಿಲ್ಲ. “ಯಂತ್ರದ್ದೇ? ಹಾಗಾದರೆ ನೀನು ಯಾವುದನ್ನು ಆರಿಸಿದೆ, ಯಾವುದನ್ನು ಬಿಟ್ಟೆ?” ಎಂದು ಆಸಕ್ತಿಯಿಂದ ಕೇಳುವ ಹಿರಿಯರಿರುವ ಕಡೆ ಮುಚ್ಚುಮರೆಯ ಅಗತ್ಯವೇ ಬೀಳದು.

ಮತ್ತೆ ಆ ಮನೆಗೆ ಹೋಗೋಣ. ಒಂದು ತಿಂಗಳು ಕಳೆದಿದೆ, ಅದೇ ಜಮಖಾನೆ. ಮದ್ದೂರಿನ ತರುಣ ಈ ಸಲ ಹಾರ್ಮೋನಿಯಂ ಮುಂದೆ ಕುಳಿತಿದ್ದಾನೆ. ಬೆರಳು ಕೊಂಚ ನಡುಗುತ್ತಿದೆ.

“ಹೋದ ಸಲದ ಹಾಡೇ. ಪದ್ಯ ನನ್ನದು. ಮಟ್ಟು ಯಂತ್ರ ಕೊಟ್ಟದ್ದು. ಆವತ್ತು ಹೇಳಲಿಲ್ಲ, ತಪ್ಪಾಯಿತು. ಚರಣವನ್ನು ಈಗ ನಾನು ತಿದ್ದಿದ್ದೇನೆ.”

ಯಾರೂ ನಗಲಿಲ್ಲ. ಹಾಡು ಎರಡು ಕಡೆ ತಡವರಿಸಿ ಮುಗಿಯಿತು. ಮೇಷ್ಟರು ಕನ್ನಡಕ ಸರಿಪಡಿಸಿಕೊಂಡರು.

“ನಿಷಾದ ಹಾಗೇ ಇದೆಯಲ್ಲಪ್ಪ?”

“ಬೇಕೆಂದೇ ಇಟ್ಟುಕೊಂಡೆ, ಮೇಷ್ಟ್ರೇ. ಅಲ್ಲಿ ಅಮ್ಮ ಬಾಗಿಲಲ್ಲಿ ನಿಂತು ದಾರಿ ನೋಡುತ್ತಾಳೆ. ಅಲ್ಲೊಂದು ಕಡೆ ರಾಗ ಮನೆ ಬಿಟ್ಟು ಹೊರಗೆ ಬರಲಿ ಅನ್ನಿಸಿತು.”

ಮೇಷ್ಟರು ತಲೆದೂಗಿ, “ಎಲ್ಲಿ, ಆ ಚರಣವನ್ನು ಇನ್ನೊಂದು ಸಲ ಹಾಡು” ಎಂದರು. ಮಳವಳ್ಳಿಯ ಉಪಾಧ್ಯಾಯಿನಿ ಚೀಲದಿಂದ ತಮ್ಮ ಪುಸ್ತಕವನ್ನು ಹೊರಗೆ ತೆಗೆದರು. ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು.